ಚಳಿಗಾಲಕ್ಕೆ ಬೀಗ

8 ಅಕ್ಟೋಬರ್ 2022, ಶನಿವಾರ
ಕಾನ್ವೇ, ನ್ಯೂ ಹ್ಯಾಂಪ್‌ಶೈರ್

ಸೋಮವಾರ ಕೊಲಂಬಸ್ ದಿನದ ರಜೆ. ಕೆಂಪಾದ ಮೇಪಲ್ ಎಲೆ ನೋಡಲು ಬೋಸ್ಟನ್ನಿನ ಅರ್ಧ ಊರೇ ಈ ಕಡೆ ಹೊರಟಿದೆ. ಊಟವಾದ ಮೇಲೆ ಇವರು ಲೆಕ್ಕ ಹಾಕುತ್ತಾ ಕೂತರು. ಮನೆ ಬೆಚ್ಚಗಿಡುವ ಫರ್ನೇಸಿನ ಎಣ್ಣೆ ಗ್ಯಾಲನ್ನಿಗೆ 5 ಡಾಲರಿನ ಆಸುಪಾಸಿನಲ್ಲಿದೆ. ನಮ್ಮ ನೆಲಮಾಳಿಗೆಯ ಟ್ಯಾಂಕು ಹಿಡಿಯುವುದು 275 ಗ್ಯಾಲನ್. ಇವರ ಮಂಡಿ ನೋವಿನಿಂದಾಗಿ ಈ ಚಳಿಗಾಲದಲ್ಲಿ ನಾವು ಫ್ರೇಮಿಂಗ್‌ಹ್ಯಾಮ್‌ನಿಂದ ಈ ರಜೆಯ ಮನೆಗೆ ಬರುವ ಮಾತೇ ಇಲ್ಲ. ಹಾಗಾದರೆ ಈ ಎಣ್ಣೆ ಉರಿಯುವುದು ಯಾರಿಗಾಗಿ?

ಥರ್ಮೋಸ್ಟ್ಯಾಟನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗೆ, ಎಂದರೆ ಸುಮಾರು 13 ಸೆಲ್ಸಿಯಸ್‌ಗೆ, ಇಳಿಸಿ ಬೀಗ ಹಾಕುವುದು ಇಲ್ಲಿಯವರ ವಾಡಿಕೆ. ಮನೆಯ ಶಾಖ ಸೋರುವುದು ಒಳಗಿನ ಮತ್ತು ಹೊರಗಿನ ಬಿಸಿಯ ಅಂತರಕ್ಕೆ ತಕ್ಕಂತೆ. ಹೊರಗೆ 20 ಡಿಗ್ರಿ ಇದ್ದು ಒಳಗೆ 68 ಇಟ್ಟರೆ ಅಂತರ 48, 55 ಇಟ್ಟರೆ 35. ಉಳಿಯುವುದು ಕಾಲು ಭಾಗ ಅಷ್ಟೇ. ಮಿಕ್ಕ ಮುಕ್ಕಾಲು ಖಾಲಿ ಮನೆಯಲ್ಲಿ ಸುಮ್ಮನೆ ಉರಿದು ಹೋಗುತ್ತದೆ. 45ಕ್ಕೆ ಇಳಿಸಿದರೆ ಅರ್ಧದಷ್ಟು ಉಳಿದೀತು. ಆದರೆ ಥರ್ಮೋಸ್ಟ್ಯಾಟ್ ಇರುವುದು ನಡುಮನೆಯ ಗೋಡೆಯಲ್ಲಿ, ಅಡುಗೆಮನೆ ಸಿಂಕಿನ ಪೈಪು ಇರುವುದು ಹೊರಗೋಡೆಯ ಒಳಗೆ. ನಡುಮನೆಯಲ್ಲಿ 45 ಇರುವಾಗ ಆ ಪೈಪಿನ ಹತ್ತಿರ ಎಷ್ಟಿದೆ ಎಂದು ನೋಡಲು ಅಲ್ಲಿ ಯಾರಿರುತ್ತಾರೆ?

ಇನ್ನೊಂದು ದಾರಿ ನೀರನ್ನೇ ಖಾಲಿ ಮಾಡುವುದು. ವಿಮೆಯ ಕರಾರು ತೆಗೆದು ಓದಿದೆ. ಒಂದೋ ಶಾಖ ಇರಬೇಕು, ಇಲ್ಲವೇ ನೀರಿನ ಸಂಪರ್ಕ ನಿಲ್ಲಿಸಿ ಪೈಪು ಬರಿದು ಮಾಡಿರಬೇಕು; ಎರಡೂ ಇಲ್ಲದಿದ್ದರೆ ಪರಿಹಾರವಿಲ್ಲ. ಬರಿದು ಮಾಡುವುದೆಂದು ತೀರ್ಮಾನವಾಯಿತು.

23 ಅಕ್ಟೋಬರ್, ಭಾನುವಾರ
ಫ್ರೇಮಿಂಗ್‌ಹ್ಯಾಮ್, ಮ್ಯಾಸಚೂಸೆಟ್ಸ್

ಸಾಗರದಿಂದ ಅತ್ತೆಯ ಫೋನು. ಹಂಡೆ ತೊಳೆದು, ಕೆಮ್ಮಣ್ಣು ಸುಣ್ಣ ಬಳಿದು, ನೀರು ತುಂಬಿ ಆಗಿದೆಯಂತೆ. ನಮ್ಮ ಯೋಜನೆ ಹೇಳಿದೆ. “ಅಲ್ಲ ಮಾರಾಯ್ತಿ, ನೀರು ತುಂಬೋ ಹಬ್ಬದ ದಿನ ನೀರು ಚೆಲ್ಲೋ ಮಾತಾಡ್ತೀಯಲ್ಲೇ!” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: “ಆ ಮನೇಲಿ ದೇವರ ಮುಂದೆ ಗಂಗೆ ಇದೆಯಲ್ಲ, ಅದನ್ನ ಏನು ಮಾಡ್ತೀರಿ?”

ನನಗೆ ಹೊಳೆದೇ ಇರಲಿಲ್ಲ. ಅವರು ಕಾಶಿಯಿಂದ ತಂದು ಕೊಟ್ಟದ್ದು, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಬಾಯಿ ತೆರೆದ ಪಾತ್ರೆಯಲ್ಲಾದರೆ ಮೇಲಕ್ಕೆ ಏಳಲು ಜಾಗವಿದೆ, ಬೆಸುಗೆ ಹಾಕಿದ್ದರಲ್ಲಿ ಎಲ್ಲಿಗೆ ಹೋದೀತು? ಮನೆಯ ಪೈಪಿನ ಕಥೆಯೂ ಇದೇ. ಒಂದು ಕಡೆ ಮಂಜುಗಡ್ಡೆ ಬಿರಡೆ ಹಾಕಿದಂತೆ ಕೂರುತ್ತದೆ, ಇನ್ನೊಂದು ಕಡೆ ನಲ್ಲಿ ಮುಚ್ಚಿರುತ್ತದೆ. ಗಡ್ಡೆ ಬೆಳೆದಂತೆ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಪೈಪು ಸೀಳುತ್ತದೆ, ಅದೂ ಎಷ್ಟೋ ಸಲ ಗಡ್ಡೆ ಕಟ್ಟಿದ ಜಾಗದಲ್ಲಲ್ಲ, ಅಲ್ಲಿಂದ ದೂರದಲ್ಲಿ.

“ಗಂಗೆ ನಮ್ಮ ಜೊತೆಗೇ ಬರ್ತಾಳೆ ಅತ್ತೆ” ಎಂದೆ. ಸಮಾಧಾನವಾಯಿತು ಅವರಿಗೆ.

5 ನವೆಂಬರ್, ಶನಿವಾರ
ಕಾನ್ವೇ

ಚಳಿಗೆ ಮನೆ ಸಜ್ಜು ಮಾಡಲು ಬಂದರೆ ಅಂಗಿಯ ತೋಳು ಮಡಚಿಕೊಳ್ಳುವಷ್ಟು ಬಿಸಿಲು. ಪ್ಲಂಬರ್ ಹೇಳಿದ ಕ್ರಮವನ್ನು ಮರೆಯಬಾರದೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಬಿಸಿನೀರಿನ ಟ್ಯಾಂಕಿನ ಬ್ರೇಕರ್ ಕೆಳಗೆ. ನೀರಿಲ್ಲದ ಟ್ಯಾಂಕಿಗೆ ಕರೆಂಟು ಹೋದರೆ ಒಳಗಿನ ಕಾಯಿಲ್ ಸುಟ್ಟು ಹೋಗುತ್ತದೆ. ಆಮೇಲೆ ಬೋರ್‌ವೆಲ್ ಪಂಪಿನ ಬ್ರೇಕರ್. ಬಾವಿಯಿಂದ ಮನೆಗೆ ಬರುವ ಪೈಪಿನ ಚಿಂತೆ ಇಲ್ಲ. ಇಲ್ಲಿ ನೆಲ ಸುಮಾರು 4 ಅಡಿಯವರೆಗೆ ಹೆಪ್ಪುಗಟ್ಟುವುದರಿಂದ ಅದನ್ನು ಇನ್ನೂ ಆಳದಲ್ಲಿ ಹೂತಿದ್ದಾರೆ. ನೆಲಮಾಳಿಗೆಯ ಪ್ರೆಶರ್ ಟ್ಯಾಂಕು, ಬಿಸಿನೀರಿನ ಟ್ಯಾಂಕು ಎರಡಕ್ಕೂ ಹೋಸ್ ಸಿಕ್ಕಿಸಿ ನೀರು ಹೊರಗೆ ಬಿಟ್ಟದ್ದಾಯಿತು. ಮೇಲಿನ ಮಹಡಿಯಿಂದ ಶುರು ಮಾಡಿ ಒಂದೊಂದೇ ನಲ್ಲಿ ತಿರುಗಿಸುತ್ತಾ ಇಳಿದೆವು. ಮೇಲೆ ಗಾಳಿ ಒಳಗೆ ಹೋದರೆ ಮಾತ್ರ ಕೆಳಗೆ ನೀರು ಪೂರಾ ಬೀಳುತ್ತದೆ.

ಅಷ್ಟಾದರೂ ಪೈಪಿನ ತಗ್ಗುಗಳಲ್ಲಿ ನೀರು ನಿಂತಿರುತ್ತದೆ. ಪ್ಲಂಬರ್ ಕಂಪ್ರೆಸರ್ ಹಚ್ಚಿದ. ಬಚ್ಚಲಿನ ನಲ್ಲಿ ಮೊದಲು ಬುಸುಗುಟ್ಟಿತು, ಕೆಮ್ಮಿತು, ಒಂದಿಷ್ಟು ಕಂದು ನೀರು ಉಗುಳಿತು, ಮತ್ತೆ ಬರೀ ಗಾಳಿ. ಬಟ್ಟೆ ಒಗೆಯುವ ಯಂತ್ರಕ್ಕೆ, ಪಾತ್ರೆ ತೊಳೆಯುವ ಯಂತ್ರಕ್ಕೆ ನೀರು ತರುವ ಪೈಪುಗಳಿಗೂ ಇದೇ ಸೇವೆ. ಟಾಯ್ಲೆಟ್ಟಿನ ತೊಟ್ಟಿಯ ತಳದ ನೀರನ್ನು ನಾನು ಸ್ಪಂಜಿನಲ್ಲಿ ಒರೆಸಿ ತೆಗೆದೆ.

ಕೊನೆಗೆ ಸಿಂಕು, ಶವರು, ಟಾಯ್ಲೆಟ್ಟುಗಳ ಕೆಳಗಿನ ಬಾಗಿದ ಪೈಪುಗಳ ಸರದಿ. ಕೆಟ್ಟ ವಾಸನೆ ಮೇಲೆ ಬರದಂತೆ ಅಲ್ಲಿ ಸದಾ ನೀರು ನಿಂತಿರಬೇಕು, ಆದರೆ ಆ ನೀರು ಗಡ್ಡೆಯಾದರೆ ಪೈಪು ಒಡೆಯುತ್ತದೆ. ಅದಕ್ಕೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಸುರಿಯುತ್ತಾರೆ. ಪ್ರೊಪಿಲೀನ್ ಗ್ಲೈಕಾಲ್‌ನಿಂದ ಮಾಡಿದ್ದನ್ನೇ ಕೇಳಿ ತರಬೇಕು. ಕಾರಿಗೆ ಹಾಕುವುದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ಅದು ವಿಷ. ಮನೆಯ ಪೈಪಿಗೆ ಕೂಡದು.

ಫ್ರಿಜ್ ಖಾಲಿ ಮಾಡಿ, ಬಾಗಿಲಿಗೆ ಟವೆಲ್ ಸಿಕ್ಕಿಸಿ ಅರೆ ತೆರೆದಿಟ್ಟೆ. ಪೇಂಟಿನ ಡಬ್ಬಿ, ಶಾಂಪೂ, ಸೋಡಾ ಬಾಟಲಿ ಕಾರಿಗೆ ಹೋದವು. ಇಲಿ ಕಾಟಕ್ಕೆ ಹೆದರಿ ತೊಗರಿಬೇಳೆ, ಅವಲಕ್ಕಿಯೂ ಹೋದವು. ಗಂಗೆ ನನ್ನ ಕೈಚೀಲದಲ್ಲಿ. ಇವರು ಫರ್ನೇಸ್ ಆರಿಸಿ, ಟ್ಯಾಂಕಿನ ಮುಳ್ಳು ಅರ್ಧದಲ್ಲಿದ್ದುದರ ಫೋಟೋ ತೆಗೆದುಕೊಂಡರು.

24 ಡಿಸೆಂಬರ್, ಶನಿವಾರ
ಫ್ರೇಮಿಂಗ್‌ಹ್ಯಾಮ್

ನಿನ್ನೆಯ ಬಿರುಗಾಳಿಗೆ ಮೇನ್, ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ಮರ ಉರುಳಿ ಎಷ್ಟೋ ಊರುಗಳಿಗೆ ಕರೆಂಟಿಲ್ಲ. ಅದರ ಬೆನ್ನಿಗೇ ಕೊರೆವ ಚಳಿ. ಕಾನ್ವೇಯ ಎದುರುಮನೆಯಾಕೆ ಕನೆಕ್ಟಿಕಟ್‌ನಿಂದ ಫೋನು ಮಾಡಿದ್ದರು, ದನಿಯಲ್ಲಿ ಆತಂಕ. ಅವರ ಮನೆಯಲ್ಲಿ 55 ಇಟ್ಟಿದ್ದಾರೆ. ಬಿಸಿ ಇಳಿದರೆ ಫೋನಿಗೆ ಸುದ್ದಿ ಕೊಡುವ ಸಾಧನವೂ ಇದೆ. ಆದರೆ ಕರೆಂಟು ಹೋದರೆ ಫರ್ನೇಸಿನ ಫ್ಯಾನೂ ನಿಲ್ಲುತ್ತದೆ, ವೈಫೈಯೂ ನಿಲ್ಲುತ್ತದೆ. ಸುದ್ದಿ ಬೇಕಾದ ಹೊತ್ತಿಗೇ ಸುದ್ದಿಯಿಲ್ಲ. ಬ್ಯಾಟರಿ ಇದ್ದು, ಮೊಬೈಲ್ ಸಿಗ್ನಲ್ಲಿನಲ್ಲಿ ನಡೆಯುವಂಥದು ಬೇಕಿತ್ತು. ಅದೇ ಬೀದಿಯಲ್ಲಿ ವರ್ಷವಿಡೀ ಇರುವ ಅಜ್ಜ ಒಬ್ಬರು ಹೋಗಿ, ಮುಖ್ಯ ವಾಲ್ವ್ ಮುಚ್ಚಿ ನಲ್ಲಿಗಳನ್ನು ತೆರೆದಿಟ್ಟು ಬಂದರಂತೆ. ಈ ಸಲಕ್ಕೆ ಪಾರು.

5 ಫೆಬ್ರವರಿ 2023, ಭಾನುವಾರ

ನಿನ್ನೆ ಬೆಳಗ್ಗೆ ಬೋಸ್ಟನ್ನಿನಲ್ಲಿ ಮೈನಸ್ 10 ಫ್ಯಾರನ್‌ಹೀಟ್, 1957ರಿಂದ ಈಚೆಗೆ ಇಷ್ಟು ಚಳಿ ಬಿದ್ದಿರಲಿಲ್ಲ. ಕಾನ್ವೇ ಹತ್ತಿರದ ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ ಶುಕ್ರವಾರ ರಾತ್ರಿ ಮೈನಸ್ 47. ಗಾಳಿಯ ಹೊಡೆತವೂ ಸೇರಿದ ಲೆಕ್ಕದಲ್ಲಿ ಮೈನಸ್ 108, ಸೆಲ್ಸಿಯಸ್ಸಿನಲ್ಲಿ ಮೈನಸ್ 78. ಇಷ್ಟೆಲ್ಲ ಆಗಿ ಇವತ್ತು ಎಳೆ ಬಿಸಿಲು, ಹಿಮ ಕರಗುತ್ತಿದೆ.

ಕರಗುವ ದಿನವೇ ಗಂಡಾಂತರದ ದಿನ. ಪೈಪು ಸೀಳಿದ್ದರೂ ಗಡ್ಡೆ ಇರುವತನಕ ನೀರು ಹೊರಗೆ ಬರುವುದಿಲ್ಲ. ಎದುರುಮನೆಯಲ್ಲಿ ಈ ಸಲ ಕರೆಂಟು ಇತ್ತು, ಫರ್ನೇಸ್ ಉರಿಯುತ್ತಿತ್ತು, ನಡುಮನೆಯಲ್ಲಿ 55 ಇತ್ತು. ಆದರೂ ವಾಯವ್ಯದ ಗಾಳಿಗೆ ಹೊರಗೋಡೆಯ ಪೈಪು ಹೆಪ್ಪುಗಟ್ಟಿ, ಮೇಲಿನ ಬಚ್ಚಲಿನ ಹತ್ತಿರ ಒಡೆದು, ಅಡುಗೆಮನೆಯ ಚಾವಣಿ ಕುಸಿದಿದೆ. ಡಿಸೆಂಬರಿನಲ್ಲಿ ಮುಚ್ಚಿದ್ದ ವಾಲ್ವ್ ಮತ್ತೆ ತೆರೆದು, ಪಂಪು ಚಾಲೂ ಇದ್ದುದರಿಂದ ಬಾವಿಯ ನೀರೆಲ್ಲ ಮನೆಯೊಳಗೇ ಬಂತು.

29 ಏಪ್ರಿಲ್, ಶನಿವಾರ
ಕಾನ್ವೇ

ಬೀಗ ತೆಗೆದಾಗ ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಎಲ್ಲ ನಲ್ಲಿ ಮುಚ್ಚಿ, ಪಂಪು ಹಾಕಿ, ವಾಲ್ವನ್ನು ಚೂರು ಚೂರೇ ತೆರೆದೆವು. ಬಿಸಿನೀರಿನ ಟ್ಯಾಂಕು ತುಂಬಿ, ನಲ್ಲಿಯಲ್ಲಿ ಒಂದೇ ಧಾರೆಯಾಗಿ ನೀರು ಬಂದ ಮೇಲೆಯೇ ಅದರ ಬ್ರೇಕರ್ ಹಾಕಿದ್ದು. ಎಲ್ಲೂ ಸೋರಿಕೆಯಿಲ್ಲ. ಎಣ್ಣೆಯ ಮುಳ್ಳು ಫೋಟೋದಲ್ಲಿದ್ದ ಜಾಗದಲ್ಲೇ ಇದೆ. ನಷ್ಟ ಇಲ್ಲವೇ ಇಲ್ಲ ಎನ್ನುವಂತಿಲ್ಲ: ಶಾಖವಿಲ್ಲದೆ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಸಂದಿನುದ್ದಕ್ಕೂ ಬಿರುಕು ಬಿಟ್ಟಿದೆ, ಒಂದು ಬಾಗಿಲು ಹಿಡಿಯುತ್ತಿದೆ. ಪ್ಲಂಬರಿನ ಕೂಲಿಯೂ ಇದೆ. ಎಲ್ಲ ಸೇರಿದರೂ ಒಂದು ಚಳಿಗಾಲದ ಎಣ್ಣೆಯ ಮುಂದೆ ಸಣ್ಣ ಮೊತ್ತ.

ಮುಂದಿನ ವರ್ಷಕ್ಕೆ ಬರೆದಿಡುವುದು ಇಷ್ಟು. ಚಳಿಗಾಲದಲ್ಲೂ ಆಗಾಗ ಬಂದು ಹೋಗುವವರು 55 ಇಡಲಿ, ಆದರೆ ಹೊರಡುವಾಗ ಪಂಪು ಆರಿಸಿ, ಮುಖ್ಯ ವಾಲ್ವ್ ಮುಚ್ಚಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟು ಹೋಗಲಿ. ಬರುವುದೇ ಇಲ್ಲ ಎನ್ನುವವರು ನೀರು ಖಾಲಿ ಮಾಡಿ ಫರ್ನೇಸ್ ಆರಿಸಲಿ. ಶಾಖ ನಂಬಿದವರು ಕರೆಂಟು, ಎಣ್ಣೆ, ಯಂತ್ರ ಮೂರನ್ನೂ ನಂಬಬೇಕು. ಬರಿದಾದ ಪೈಪಿಗೆ ಈ ಮೂರರ ಹಂಗೂ ಇಲ್ಲ.