ಜೀಬ್ರಾ ಪಟ್ಟೆಯ ಆಚೆಯ ಬಿಳಿ ಮನೆ

ಲಂಡನ್ನಿನ ಸೇಂಟ್ ಜಾನ್ಸ್ ವುಡ್ ಬಡಾವಣೆಗೆ ನಮ್ಮವರು ಸಾಮಾನ್ಯವಾಗಿ ಹೋಗುವುದು ಕ್ರಿಕೆಟ್ಟಿನ ಕಾಶಿ ಎನಿಸಿದ ಲಾರ್ಡ್ಸ್ ಮೈದಾನವನ್ನು ನೋಡಲು. 1983ರ ಜೂನ್ 25ರಂದು ಕಪಿಲ್ ದೇವ್ ವಿಶ್ವಕಪ್ ಎತ್ತಿ ಹಿಡಿದದ್ದು ಇಲ್ಲಿಯೇ. ಅಂದಿನ ತಂಡದಲ್ಲಿ ನಮ್ಮ ಕಿರ್ಮಾನಿ ಮತ್ತು ರೋಜರ್ ಬಿನ್ನಿ ಇದ್ದರು. ಅದೇ ಬಡಾವಣೆಯಲ್ಲಿ, ಸುರಂಗ ರೈಲು ನಿಲ್ದಾಣದಿಂದ ಗ್ರೋವ್ ಎಂಡ್ ರಸ್ತೆ ಹಿಡಿದು ಕೆಲವೇ ನಿಮಿಷ ನಡೆದರೆ ಇನ್ನೊಂದು ಯಾತ್ರಾಸ್ಥಳ ಸಿಗುತ್ತದೆ. ಇಲ್ಲಿ ಗೋಪುರವಿಲ್ಲ, ಪ್ರತಿಮೆಯೂ ಇಲ್ಲ. ಇರುವುದು ರಸ್ತೆ ದಾಟಲು ಬಳಿದ ಕಪ್ಪು ಬಿಳುಪು ಪಟ್ಟೆ!

ಈ ಪಟ್ಟೆಯ ಮೇಲೆ ಮಳೆಯಿರಲಿ, ಚಳಿಯಿರಲಿ, ಜನ ನಾಲ್ಕು ನಾಲ್ಕು ಮಂದಿಯಾಗಿ ಸಾಲುಗಟ್ಟಿ ನಡೆಯುತ್ತಾರೆ. ಐದನೆಯವರು ಫೋಟೊ ತೆಗೆಯುತ್ತಾರೆ. ಬಸ್ಸು, ಕಾರಿನವರು ತಾಳ್ಮೆಗೆಟ್ಟು ಹಾರ್ನ್ ಬಾರಿಸುತ್ತಾರೆ. 1969ರ ಆಗಸ್ಟ್ 8ರ ಬೆಳಿಗ್ಗೆ ಬೀಟಲ್ಸ್ ವಾದ್ಯವೃಂದದ ನಾಲ್ವರು - ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೊ ಸ್ಟಾರ್ - ಇದೇ ಪಟ್ಟೆಯ ಮೇಲೆ ನಡೆದರು. ಪೊಲೀಸರೊಬ್ಬರು ವಾಹನಗಳನ್ನು ತಡೆದಿದ್ದರು. ಛಾಯಾಗ್ರಾಹಕ ಇಯಾನ್ ಮ್ಯಾಕ್‌ಮಿಲನ್ ನಡುರಸ್ತೆಯಲ್ಲಿ ಏಣಿ ಹಾಕಿಕೊಂಡು ನಿಂತು ಆರು ಚಿತ್ರ ತೆಗೆದರು. ಅವುಗಳಲ್ಲಿ ಐದನೆಯದು ‘ಆ್ಯಬಿ ರೋಡ್’ ಆಲ್ಬಮ್ಮಿನ ಹೊದಿಕೆಯಾಯಿತು. ಪಾಲ್ ಬರಿಗಾಲಿನಲ್ಲಿ ನಡೆಯುತ್ತಿರುವ ಆ ಚಿತ್ರ ಜಗತ್ತೆಲ್ಲ ಸುತ್ತಿತು.

ಆದರೆ ಪಟ್ಟೆ ದಾಟಿದವರಲ್ಲಿ ಹಲವರು ಅಲ್ಲಿಂದಲೇ ಹಿಂತಿರುಗುತ್ತಾರೆ. ನಿಜವಾದ ಕಥೆ ಇರುವುದು ಪಕ್ಕದ ಬಿಳಿ ಮನೆಯೊಳಗೆ.

ತೋಟದಲ್ಲಿ ಅಡಗಿದ ಸ್ಟುಡಿಯೊ

ರಸ್ತೆಯಿಂದ ನೋಡಿದರೆ ಅದೊಂದು ಸಾಧಾರಣ ಬಂಗಲೆ. 1830ರ ಸುಮಾರಿಗೆ ಕಟ್ಟಿಸಿದ ಒಂಬತ್ತು ಮಲಗುವ ಕೋಣೆಗಳ ಮನೆ. 1929ರಲ್ಲಿ ಗ್ರಾಮಫೋನ್ ಕಂಪನಿ ಇದನ್ನು ಕೊಂಡು ಹಿಂದಿನ ವಿಶಾಲ ತೋಟದಲ್ಲಿ ಸ್ಟುಡಿಯೊಗಳನ್ನು ಕಟ್ಟಿತು. ಕಹಳೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಗುರುತು ಇದೇ ಕಂಪನಿಯದು. ಎಚ್‌ಎಂವಿ ಎಂದರೆ ನಮ್ಮ ಹಳಬರಿಗೆ ಬೇರೆ ಪರಿಚಯ ಬೇಕಿಲ್ಲ.

1931ರ ನವೆಂಬರ್ 12ರಂದು ಇಂಗ್ಲೆಂಡಿನ ಹಿರಿಯ ಸಂಗೀತಕಾರ ಎಡ್ವರ್ಡ್ ಎಲ್ಗಾರ್ ವಾದ್ಯಮೇಳ ನಡೆಸಿ ಸ್ಟುಡಿಯೊವನ್ನು ಉದ್ಘಾಟಿಸಿದರು. ಮರುವರ್ಷ ಅವರೊಂದಿಗೆ ಇಲ್ಲಿ ಪಿಟೀಲು ನುಡಿಸಿದವನು 16 ವರ್ಷದ ಹುಡುಗ ಯೆಹೂದಿ ಮೆನುಹಿನ್. ಈ ಹೆಸರು ಮುಂದೆ ಮತ್ತೆ ಬರಲಿದೆ. ಎರಡು ಕಿವಿಗೆ ಎರಡು ಧ್ವನಿ ಎಂಬ ಸ್ಟೀರಿಯೊ ತತ್ವಕ್ಕೆ 1931ರಲ್ಲೇ ಪೇಟೆಂಟ್ ಅರ್ಜಿ ಹಾಕಿದ ಎಂಜಿನಿಯರ್ ಅಲನ್ ಬ್ಲೂಮ್ಲೈನ್ ಇದೇ ಕಂಪನಿಯವರು. 1934ರಲ್ಲಿ ಅವರು ಈ ಕಟ್ಟಡದಲ್ಲಿ ವಾದ್ಯಮೇಳವೊಂದರ ಮೇಲೆ ಅದನ್ನು ಪರೀಕ್ಷಿಸಿದರು. 1942ರಲ್ಲಿ ರಾಡಾರ್ ಪರೀಕ್ಷೆಗೆ ಹೊರಟ ವಿಮಾನ ಬಿದ್ದು ತೀರಿಕೊಂಡ ಈ ವಿಜ್ಞಾನಿಯ ಹೆಸರನ್ನು ಸ್ಟೀರಿಯೊ ಕೇಳುವ ಎಷ್ಟು ಮಂದಿ ಬಲ್ಲರು?

ಒಂದೇ ದಿನ, ಹತ್ತು ಹಾಡು

ಲಿವರ್‌ಪೂಲ್ ಬಂದರಿನ ನಾಲ್ವರು ತರುಣರು ಇಲ್ಲಿಗೆ ಮೊದಲು ಬಂದದ್ದು 1962ರ ಜೂನ್ 6ರಂದು. ಅಂದು ಡ್ರಮ್ ಬಾರಿಸಿದವನು ಪೀಟ್ ಬೆಸ್ಟ್. ರಿಂಗೊ ಕೆಲವು ವಾರಗಳ ನಂತರ ತಂಡ ಸೇರಿದ. ಆಗ ಸ್ಟುಡಿಯೊ ಎಂದರೆ ಸರ್ಕಾರಿ ಕಚೇರಿಯಷ್ಟೇ ಶಿಸ್ತು. ತಾಂತ್ರಿಕ ಸಿಬ್ಬಂದಿಗೆ ಬಿಳಿ ಕೋಟು, ಸಾಮಾನು ಹೊರುವವರಿಗೆ ಕಂದು ಕೋಟು. ದಿನಕ್ಕೆ ಮೂರು ಪಾಳಿ, ಒಂದೊಂದೂ ಮೂರು ತಾಸಿನದು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಶಾಸ್ತ್ರೀಯ ಸಂಗೀತ ಓದಿದವರು, ಟೈ ಕಟ್ಟುವವರು. ಮೆಚ್ಚದ್ದೇನಾದರೂ ಇದ್ದರೆ ಹೇಳಿ ಎಂದು ಅವರು ಕೇಳಿದಾಗ ಹ್ಯಾರಿಸನ್, ನಿಮ್ಮ ಟೈ ಎಂದನಂತೆ! ಅಲ್ಲಿಂದ ಸ್ನೇಹ ಬೆಳೆಯಿತು.

1963ರ ಫೆಬ್ರುವರಿ 11ರಂದು ಎರಡನೇ ಸ್ಟುಡಿಯೊದಲ್ಲಿ ಅವರು ಒಂದೇ ದಿನದಲ್ಲಿ ಹತ್ತು ಹಾಡು ಮುದ್ರಿಸಿದರು. ನೆಗಡಿಯಿಂದ ಗಂಟಲು ಕಟ್ಟಿದ್ದ ಲೆನನ್‌ಗೆ ಅತ್ಯಂತ ಕಿರುಚುವ ಹಾಡನ್ನು ಕೊನೆಗೆ ಉಳಿಸಿದ್ದರು. ಹೀಗೆ ಮೊದಲ ಆಲ್ಬಮ್ ಸಿದ್ಧವಾಯಿತು.

ಮುಂದಿನ ವರ್ಷ ಟೆಲಿವಿಷನ್ ಅವರನ್ನು ಸಾಗರದಾಚೆಗೆ ಒಯ್ದಿತು. 1964ರ ಫೆಬ್ರುವರಿ 9ರಂದು ನ್ಯೂಯಾರ್ಕಿನ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಅವರು ಹಾಡಿದ್ದನ್ನು ನೋಡಿದವರು ಸುಮಾರು 7 ಕೋಟಿ 30 ಲಕ್ಷ ಅಮೆರಿಕನ್ನರು. ಆದರೆ ಎಲ್ಲಿ ಹೋದರೂ ಅಭಿಮಾನಿಗಳ ಕೂಗಾಟದಲ್ಲಿ ತಮ್ಮ ಹಾಡು ತಮಗೇ ಕೇಳಿಸದಂತಾಯಿತು. 1966ರ ಮೇ ತಿಂಗಳಲ್ಲಿ ಅವರು ಟಿ.ವಿ. ಕೇಂದ್ರಗಳಿಗೆ ತಾವು ಹೋಗುವ ಬದಲು ಹಾಡಿನ ಚಿತ್ರಗಳನ್ನು ತೆಗೆಸಿ ಕಳಿಸಿದರು. ಅವುಗಳಲ್ಲಿ ಕೆಲವನ್ನು ಈ ಬಿಳಿ ಮನೆಯಲ್ಲೇ ಚಿತ್ರಿಸಲಾಯಿತು. ಅದೇ ಆಗಸ್ಟ್ 29ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹಾಡಿ ಪ್ರವಾಸ ಕಛೇರಿಗಳಿಗೆ ಮಂಗಳ ಹಾಡಿದರು. ಅಂದಿನಿಂದ ಸ್ಟುಡಿಯೊವೇ ಅವರ ವೇದಿಕೆ.

ನಾಲ್ಕೇ ಪಟ್ಟಿಯ ಟೇಪು

ಇಂದು ಶಾಲಾ ಹುಡುಗನ ಮೊಬೈಲಿನಲ್ಲೂ ಹತ್ತಾರು ಧ್ವನಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ ಸೇರಿಸಬಹುದು. ಅಂದು ಇದ್ದದ್ದು ಒಂದು ಅಂಗುಲ ಅಗಲದ ಟೇಪು. ಅದರಲ್ಲಿ ನಾಲ್ಕೇ ಪಟ್ಟಿ. ನಾಲ್ಕೂ ತುಂಬಿದರೆ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದು ಪಟ್ಟಿಗೆ ಇಳಿಸಬೇಕು. ಆಗ ಮೂರು ಪಟ್ಟಿ ಖಾಲಿ ಸಿಗುತ್ತದೆ. ಆದರೆ ನಕಲು ಮಾಡಿದಷ್ಟೂ ಟೇಪಿನ ಸದ್ದು ಹೆಚ್ಚುತ್ತದೆ. ಒಮ್ಮೆ ಬೆರೆಸಿದ್ದನ್ನು ಬೇರ್ಪಡಿಸಲೂ ಆಗದು. ಹಾಲಿಗೆ ಸಕ್ಕರೆ ಹಾಕಿದಂತೆ.

ಈ ಮಿತಿಯೇ ಜಾಣ್ಮೆಯನ್ನು ಹೊರತೆಗೆಯಿತು. ಒಂದೇ ಹಾಡನ್ನು ಎರಡು ಸಲ ಹಾಡಿ ಧ್ವನಿಯನ್ನು ದಪ್ಪಗೊಳಿಸುವುದು ಲೆನನ್‌ಗೆ ಬೇಸರ ತರುತ್ತಿತ್ತು. ಎಂಜಿನಿಯರ್ ಕೆನ್ ಟೌನ್‌ಸೆಂಡ್ 1966ರಲ್ಲಿ ಉಪಾಯವೊಂದನ್ನು ಹುಡುಕಿದರು. ಅದೇ ಧ್ವನಿಯನ್ನು ಇನ್ನೊಂದು ಟೇಪು ಯಂತ್ರದ ಮೂಲಕ ಕ್ಷಣಾಂಶ ತಡವಾಗಿ ಸೇರಿಸಿದರೆ ಇಬ್ಬರು ಹಾಡಿದಂತೆ ಕೇಳಿಸುತ್ತದೆ! ಶಾಲೆ ಮುಗಿಸಿ ಸಹಾಯಕನಾಗಿ ಸೇರಿದ್ದ ಜೆಫ್ ಎಮೆರಿಕ್ 20ನೇ ವಯಸ್ಸಿಗೆ ಬೀಟಲ್ಸ್‌ನ ಮುದ್ರಣ ಎಂಜಿನಿಯರ್ ಆದ. ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ, ನಿಯಮ ಮೀರಿ ಮೈಕನ್ನು ಅದರ ಸಮೀಪಕ್ಕೆ ಸರಿಸಿದ. ಹೊಸ ನಾದ ಹುಟ್ಟಿತು.

1967ರ ಫೆಬ್ರುವರಿ 10ರ ರಾತ್ರಿ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿಗಾಗಿ 40 ವಾದ್ಯಗಾರರು ಒಂದನೇ ಸ್ಟುಡಿಯೊದಲ್ಲಿ ಸೇರಿದರು. ಪ್ರತಿಯೊಬ್ಬರೂ ತಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಏರಬೇಕು. ಇದಕ್ಕೆ ನಾಲ್ಕು ಪಟ್ಟಿ ಸಾಲದು. ಎರಡು ಯಂತ್ರಗಳನ್ನು ಒಟ್ಟಿಗೆ ಓಡಿಸುವುದು ಹೇಗೆ? ಟೌನ್‌ಸೆಂಡ್ ಮೊದಲ ಯಂತ್ರದ ಒಂದು ಪಟ್ಟಿಯಲ್ಲಿ 50 ಹರ್ಟ್ಸ್ ಸ್ವರ ಮುದ್ರಿಸಿ, ಅದರಿಂದಲೇ ಎರಡನೆಯದರ ಮೋಟಾರನ್ನು ನಿಯಂತ್ರಿಸಿದರು. ನಮ್ಮ ಮನೆಗಳ ವಿದ್ಯುತ್ತಿನ ಆವರ್ತಾಂಕವೂ 50 ಹರ್ಟ್ಸ್ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬಹುದು.

ಆ ಹಾಡಿನ ಕೊನೆಗೆ ಹಲವು ಪಿಯಾನೊಗಳನ್ನು ಏಕಕಾಲಕ್ಕೆ ಒತ್ತಿ ಹಿಡಿದ ನಾದವೊಂದಿದೆ. ತಂತಿಗಳ ಕಂಪನ ಕ್ಷೀಣಿಸಿದಂತೆಲ್ಲ ಎಂಜಿನಿಯರರು ಧ್ವನಿಯ ಮಟ್ಟವನ್ನು ಏರಿಸುತ್ತ ಹೋದರು. ನಾದ 40 ಸೆಕೆಂಡಿಗೂ ಹೆಚ್ಚು ಕಾಲ ಉಳಿಯಿತು. ಕಿವಿಗೊಟ್ಟರೆ ಕೊನೆಯಲ್ಲಿ ಕುರ್ಚಿಯೊಂದು ಕಿರುಗುಟ್ಟುವುದೂ ಕೇಳುತ್ತದೆ. ಬ್ರಿಟಿಷ್ ತಟ್ಟೆಯಲ್ಲಿ ಅದರ ನಂತರ 15 ಕಿಲೋಹರ್ಟ್ಸ್‌ನ ಶಿಳ್ಳೆಯೊಂದಿದೆ. ನಾಯಿ ಕಿವಿ ನಿಮಿರಿಸುತ್ತದೆ, ಮಕ್ಕಳಿಗೂ ಕೇಳಬಹುದು. ಹೆಚ್ಚಿನ ಅಜ್ಜಂದಿರಿಗೆ ಕೇಳದು. ವಯಸ್ಸಾದಂತೆ ಎತ್ತರದ ಸ್ವರಗಳು ಕಿವಿಗೆ ದೂರವಾಗುತ್ತವೆ.

ಅಂಗಡಿಯವರ ಮನೆಯ ತಂತಿ

ಈ ಮನೆಯ ಕಥೆಯಲ್ಲಿ ಕನ್ನಡ ನಾಡಿನ ಎಳೆಯೂ ಒಂದಿದೆ. ಇಂದಿನ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿ ಲಂಡನ್ ಸೇರಿದವರು ಅಯನ ದೇವ ಅಂಗಡಿ. ಪತ್ನಿ ಪೆಟ್ರೀಷಿಯಾ ಅವರೊಂದಿಗೆ 1946ರಲ್ಲಿ ‘ಏಷ್ಯನ್ ಮ್ಯೂಸಿಕ್ ಸರ್ಕಲ್’ ಎಂಬ ಸಂಸ್ಥೆ ಕಟ್ಟಿ, ಭಾರತೀಯ ಸಂಗೀತವನ್ನು ಅಲ್ಲಿನವರಿಗೆ ಕೇಳಿಸಲು ದುಡಿದರು. ಎಲ್ಗಾರ್ ಜೊತೆ ನುಡಿಸಿದ ಆ ಹುಡುಗ ಮೆನುಹಿನ್ ಮುಂದೆ ಇದರ ಅಧ್ಯಕ್ಷರಾದರು.

1965ರ ಅಕ್ಟೋಬರಿನಲ್ಲಿ ಹಾಡೊಂದಕ್ಕೆ ಹ್ಯಾರಿಸನ್ ಸಿತಾರ್ ನುಡಿಸುತ್ತಿದ್ದಾಗ ತಂತಿ ಕಡಿಯಿತು. ಲಂಡನ್ನಿನಲ್ಲಿ ಸಿತಾರಿನ ತಂತಿ ಎಲ್ಲಿ ಸಿಕ್ಕೀತು? ಅಂಗಡಿಯವರಿಗೆ ಕರೆ ಹೋಯಿತು. ಮನೆಮಂದಿಯೆಲ್ಲ ತಂತಿ ಹಿಡಿದು ಸ್ಟುಡಿಯೊಗೆ ಬಂದರೆಂದು ಆ ಕುಟುಂಬದವರು ನೆನೆದಿದ್ದಾರೆ. ಮರುವರ್ಷ ಹ್ಯಾರಿಸನ್ ಪಂಡಿತ್ ರವಿಶಂಕರರನ್ನು ಭೇಟಿಯಾದದ್ದೂ ಅಂಗಡಿಯವರ ಮನೆಯಲ್ಲಿಯೇ.

1967ರ ವಸಂತದಲ್ಲಿ ಎರಡನೇ ಸ್ಟುಡಿಯೊದ ನೆಲಕ್ಕೆ ಜಮಖಾನ ಹಾಸಿ, ಅಗರಬತ್ತಿ ಹಚ್ಚಿ, ದಿಲ್‌ರುಬಾ, ತಂಬೂರಿ, ತಬಲಾ ವಾದಕರು ಹ್ಯಾರಿಸನ್‌ನ ಹಾಡಿಗೆ ನುಡಿಸಿದರು. ದಿಲ್‌ರುಬಾದ ಜಾರುವ ಸ್ವರಗಳನ್ನು ಅನುಸರಿಸುವಂತೆ ಮಾರ್ಟಿನ್ ಪಿಟೀಲುಗಳಿಗೆ ಸ್ವರ ಬರೆದರು. ಪಾಶ್ಚಾತ್ಯ ವಾದಕರು ಬೆವರಿದರು! ಆದರೆ ಆಲ್ಬಮ್ಮಿನ ಹೊದಿಕೆಯಲ್ಲಿ ಆ ಭಾರತೀಯರ ಹೆಸರುಗಳು ಅಚ್ಚಾಗಲಿಲ್ಲ. ಅಣ್ಣಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ್ ಕನ್ಸಾರಾ, ನಟವರ್ ಸೋನಿ - ಈ ಹೆಸರುಗಳು ಬೆಳಕಿಗೆ ಬಂದದ್ದು 50 ವರ್ಷಗಳ ಬಳಿಕ, 2017ರಲ್ಲಿ.

ಟಿ.ವಿ.ಯೇ ಮನೆಗೆ ಬಂತು

ಬೀಟಲ್ಸ್ ಟಿ.ವಿ.ಯ ಬಳಿಗೆ ಹೋಗುವುದನ್ನು ಕಡಿಮೆ ಮಾಡಿದ ಮೇಲೆ ಟಿ.ವಿ.ಯೇ ಅವರ ಬಳಿಗೆ ಬಂದದ್ದು 1967ರ ಜೂನ್ 25ರಂದು. ಉಪಗ್ರಹಗಳ ಮೂಲಕ ಖಂಡಖಂಡಗಳನ್ನು ಬೆಸೆದ ‘ಅವರ್ ವರ್ಲ್ಡ್’ ನೇರ ಪ್ರಸಾರದಲ್ಲಿ ಬ್ರಿಟನ್ನಿನ ಪರವಾಗಿ ಅವರು ಒಂದನೇ ಸ್ಟುಡಿಯೊದಿಂದ ಹಾಡಿದರು. ಹಿನ್ನೆಲೆಯ ಸ್ವಲ್ಪ ಭಾಗ ಮೊದಲೇ ಮುದ್ರಿತ. ಗಾಯನ ಮತ್ತು ವಾದ್ಯಮೇಳ ನೇರವಾಗಿಯೇ. ನೋಡಿದವರು ಸುಮಾರು 40 ಕೋಟಿ ಎಂಬ ಅಂದಾಜಿದೆ. ಭೂಸ್ಥಾಯಿ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಹೋಗಿ ಬರಲು 72,000 ಕಿ.ಮೀ. ರೇಡಿಯೊ ತರಂಗದ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಅಂದರೆ ಲಂಡನ್ನಿನ ಹಾಡು ದೂರದ ಮನೆ ತಲುಪಲು ಕಾಲು ಸೆಕೆಂಡು ಸಾಕಾಯಿತು!

ಗೋಡೆಯ ಮೇಲಿನ ಹೆಸರುಗಳು

1969ರ ಆಗಸ್ಟ್ 20ರ ನಂತರ ನಾಲ್ವರೂ ಈ ಸ್ಟುಡಿಯೊದಲ್ಲಿ ಒಟ್ಟಿಗೆ ಕೂಡಲಿಲ್ಲ. ಅವರ ಆಲ್ಬಮ್ಮಿನ ಹೆಸರನ್ನೇ ಸ್ಟುಡಿಯೊ ತನ್ನ ಹೆಸರಾಗಿಸಿಕೊಂಡಿತು. ಟೌನ್‌ಸೆಂಡ್ ಮುಂದೆ ಇದರ ಮುಖ್ಯಸ್ಥರಾದರು. 2010ರಲ್ಲಿ ಸಾಲದ ಹೊರೆಯಿಂದ ಕಂಪನಿ ಇದನ್ನು ಮಾರಲಿದೆ ಎಂಬ ಸುದ್ದಿ ಹಬ್ಬಿದಾಗ ಜನ ದನಿಯೆತ್ತಿದರು. ಆ ಫೆಬ್ರುವರಿಯಲ್ಲಿ ಕಟ್ಟಡವೂ ಡಿಸೆಂಬರಿನಲ್ಲಿ ಜೀಬ್ರಾ ಪಟ್ಟೆಯೂ ರಕ್ಷಿತ ಸ್ಮಾರಕಗಳ ಪಟ್ಟಿ ಸೇರಿದವು. ಇಂದಿಗೂ ಇಲ್ಲಿ ಮುದ್ರಣ ನಡೆಯುತ್ತದೆ. ಹಾಗಾಗಿ ಸಾಮಾನ್ಯ ದಿನಗಳಲ್ಲಿ ಪ್ರವಾಸಿಗರಿಗೆ ಒಳಗೆ ಪ್ರವೇಶವಿಲ್ಲ.

ಮುಂದಿನ ಕುಳ್ಳು ಗೋಡೆಯ ತುಂಬ ಅಭಿಮಾನಿಗಳು ತಮ್ಮ ಹೆಸರು ಗೀಚಿದ್ದಾರೆ. ಆಗಾಗ ಅದಕ್ಕೆ ಬಿಳಿ ಬಣ್ಣ ಬಳಿಯುತ್ತಾರೆ. ಮತ್ತೆ ಹೆಸರುಗಳು ತುಂಬುತ್ತವೆ. ಮಕ್ಕಳೊಂದಿಗೆ ಅಲ್ಲಿಗೆ ಹೋಗುವ ತಂದೆತಾಯಿಗಳು ಫೋಟೊ ತೆಗೆದ ಮೇಲೆ ಆ ಗೋಡೆಯ ಮುಂದೆ ಒಂದು ನಿಮಿಷ ನಿಲ್ಲಬಹುದು. 50 ಹರ್ಟ್ಸ್ ಬಲ್ಲ ಎಂಜಿನಿಯರನ ಹೆಸರು, ಸ್ವೆಟರ್ ತುರುಕಿದ ಹುಡುಗನ ಹೆಸರು, ತಂತಿ ತಂದುಕೊಟ್ಟ ಜಕನೂರಿನವರ ಹೆಸರು, ದಿಲ್‌ರುಬಾ ನುಡಿಸಿದವರ ಹೆಸರು ಆ ಗೋಡೆಯ ಮೇಲೆ ಇರಲಿಕ್ಕಿಲ್ಲ. ಮಕ್ಕಳಿಗೆ ಅವನ್ನೂ ಹೇಳಿಕೊಟ್ಟರೆ ಪ್ರವಾಸ ಸಾರ್ಥಕ.