ಹಿತ್ತಾಳೆಯ ಹದ

ಗುಂಡು, ಮದ್ದು, ಕೇಪು ಮತ್ತು ಇವೆಲ್ಲವನ್ನೂ ಹಿಡಿದಿಡುವ ಹಿತ್ತಾಳೆಯ ಕೋಶ, ಈ ನಾಲ್ಕು ಸೇರಿದರೆ ಒಂದು ತೋಟಾ. ಈಡು ಹಾರಿದೊಡನೆ ಗುಂಡು ಗುರಿಯ ಕಡೆಗೆ ಹೋಗುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಕೇಪು ಒಮ್ಮೆ ಸಿಡಿದು ನಿರುಪಯುಕ್ತವಾಗುತ್ತದೆ. ಕೆಲಸಕ್ಕೆ ಬರುವಂತೆ ಉಳಿಯುವುದು ಕೋಶವೊಂದೇ. ಅದನ್ನು ಹೆಕ್ಕಿ ತಂದು, ತೊಳೆದು, ತಿದ್ದಿ, ಮತ್ತೆ ತುಂಬುವ ಮರುಭರ್ತಿಯ ಕೆಲಸವನ್ನು ಅಮೆರಿಕದ ಗುರಿಕಾರರು ನೂರು ವರ್ಷಗಳಿಗೂ ಮೀರಿ ಹವ್ಯಾಸವಾಗಿ ಸಾಕಿಕೊಂಡು ಬಂದಿದ್ದಾರೆ. ಹೊರಗಿನವರಿಗೆ ಇದು ಸಿಡಿಮದ್ದಿನೊಡನೆ ಸರಸವೆಂದು ತೋರುವುದು ಸಹಜವೇ, ಆದರೆ ಇದರಲ್ಲಿ ಮುಳುಗಿದವರ ಹೊತ್ತಿನ ಬಹುಪಾಲು ಕಳೆಯುವುದು ಹಿತ್ತಾಳೆಯ ಉಪಚಾರದಲ್ಲಿ.

ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಕಾರ್ಖಾನೆಯಲ್ಲಿ ಇದರ ದಪ್ಪ ತಗಡಿನಿಂದ ಬಿಲ್ಲೆಗಳನ್ನು ಕತ್ತರಿಸಿ, ಪ್ರತಿ ಬಿಲ್ಲೆಯನ್ನೂ ಅಚ್ಚಿನೊಳಗೆ ಒತ್ತಿ ಮೊದಲು ಗಿಡ್ಡ ಬಟ್ಟಲಾಗಿಸಿ, ಆ ಬಟ್ಟಲನ್ನು ಒಂದಕ್ಕಿಂತ ಒಂದು ಕಿರಿದಾದ ಅಚ್ಚುಗಳ ಮೂಲಕ ತಳ್ಳಿ ತಳ್ಳಿ ಉದ್ದನೆಯ ಕೊಳವೆಯಾಗಿ ಎಳೆಯುತ್ತಾರೆ. ಹೀಗೆ ಎಳೆದಾಗಲೆಲ್ಲ ಹಿತ್ತಾಳೆ ಬಿರುಸಾಗುತ್ತದೆ. ಬಿಂದಿಗೆ ಬಡಿಯುವ ಕಂಚುಗಾರನಿಗೆ ಇದು ಹೊಸ ವಿಷಯವಲ್ಲ. ಬಿರುಸಾದ ತಗಡನ್ನು ಕಾಯಿಸಿ ಮೆತುಗೊಳಿಸದೆ ಬಡಿಯುತ್ತಲೇ ಹೋದರೆ ಅದು ಸೀಳುತ್ತದೆ. ಕಾರ್ಖಾನೆಯೂ ಎಳೆತಗಳ ನಡುನಡುವೆ ಕೋಶವನ್ನು ಕುಲುಮೆಗೆ ಕಳಿಸಿ, ಮೇಲೆ ಕಟ್ಟಿದ ಕಿಟ್ಟವನ್ನು ಆಮ್ಲದಲ್ಲಿ ತೊಳೆಯುತ್ತದೆ. ಬಳಿಕ ಬುಡವನ್ನು ಜಜ್ಜಿ ಕೇಪಿನ ಗುಳಿ ಮಾಡಿ, ಕತ್ತನ್ನು ಕಿರಿದುಗೊಳಿಸಿ, ಕಟ್ಟಕಡೆಗೆ ಕತ್ತಿಗೆ ಮಾತ್ರ ಇನ್ನೊಮ್ಮೆ ಬೆಂಕಿ ತೋರಿಸುತ್ತಾರೆ. ಸೈನ್ಯದ ತೋಟಾಗಳ ಕತ್ತಿನ ಸುತ್ತ ಕಾಣುವ ನೀಲಿ-ಕಂದು ಛಾಯೆ ಈ ಕೊನೆಯ ಕಾಯಿಸುವಿಕೆಯ ಗುರುತು. ಅಂಗಡಿಗೆ ಹೋಗುವ ತೋಟಾಗಳಲ್ಲಿ ತಯಾರಕರು ಅದನ್ನು ಉಜ್ಜಿ ಅಳಿಸುವುದುಂಟು, ಅಳಿಸದಿದ್ದರೇ ಚೆನ್ನ.

ಒಂದೇ ಲೋಹದ ತುಂಡಿನಲ್ಲಿ ಬುಡ ಗಟ್ಟಿಯಾಗಿಯೂ ಬಾಯಿ ಮೆತ್ತಗಾಗಿಯೂ ಇರಬೇಕಾದುದಕ್ಕೆ ಕಾರಣವಿದೆ. ಆಧುನಿಕ ರೈಫಲ್ಲಿನಲ್ಲಿ ಈಡು ಹಾರುವಾಗ ಚದರ ಇಂಚಿಗೆ 50,000 ಪೌಂಡಿಗೂ ಮಿಗಿಲಾದ ಒತ್ತಡ ಏಳುತ್ತದೆ. ಆಗ ಕೋಶದ ತೆಳ್ಳನೆಯ ಗೋಡೆ ಹಿಗ್ಗಿ, ನಳಿಗೆಯ ಹಿಂದಿನ ಗೂಡಿನ ಒಳಮೈಗೆ ಅಂಟಿ, ಅನಿಲ ಹಿಂದಕ್ಕೆ ನುಗ್ಗದಂತೆ ಬಿಗಿಯಾಗಿ ಮುಚ್ಚುತ್ತದೆ, ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಗೂಡಿನ ಆಸರೆ ಪೂರ್ತಿಯಾಗಿ ಸಿಗದ ಬುಡವಾದರೋ ತನ್ನ ಗಟ್ಟಿತನದಿಂದಲೇ ಆ ಒತ್ತಡವನ್ನು ತಾಳಿಕೊಳ್ಳಬೇಕು.

ಮಲೆನಾಡು, ಕೊಡಗುಗಳ ಹಳೆಯ ಕೇಪಿನ ಕೋವಿಯಲ್ಲಿ ಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗಜದಿಂದ ಜಡಿದು, ಕೇಪನ್ನು ಹಿಂಬದಿಯಲ್ಲಿ ಹೊರಗಿನಿಂದ ಸಿಕ್ಕಿಸುತ್ತಿದ್ದರು. ತೋಟಾದಲ್ಲಿ ಅದೇ ಕೇಪು ಕೋಶದ ಬುಡವನ್ನು ಸೇರಿತು, ಮತ್ತು ಅದು ಸೇರಿದ ಬಗೆಯೇ ಮರುಭರ್ತಿಯ ಭವಿಷ್ಯವನ್ನು ನಿರ್ಧರಿಸಿತು. ಅಮೆರಿಕದ ಹೈರಮ್ ಬರ್ಡಾನ್ 1866ರಲ್ಲಿ ಪೇಟೆಂಟ್ ಪಡೆದ ಕ್ರಮದಲ್ಲಿ, ಕೇಪು ಜಜ್ಜಿ ಸಿಡಿಯಲು ಬೇಕಾದ ಪುಟ್ಟ ಅಡಿಗಲ್ಲು ಕೋಶದಲ್ಲೇ ಮೂಡಿದ್ದು, ಕಿಡಿ ಒಳಹೋಗುವ ರಂಧ್ರಗಳು ಅದರ ಅಕ್ಕಪಕ್ಕದಲ್ಲಿರುತ್ತವೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಬಾಕ್ಸರ್ ರೂಪಿಸಿದ ಕ್ರಮದಲ್ಲಿ ಅಡಿಗಲ್ಲು ಕೇಪಿನೊಳಗೇ ಇದ್ದು, ಕೋಶದ ನಟ್ಟನಡುವೆ ಒಂದೇ ರಂಧ್ರವಿರುತ್ತದೆ. ನಡುವಿನ ರಂಧ್ರಕ್ಕೆ ನೇರವಾಗಿ ಮೊಳೆಯೊಂದನ್ನು ಇಳಿಸಿ ಹಳೆಯ ಕೇಪನ್ನು ತಳ್ಳಿಬಿಡಬಹುದು. ಇಂಗ್ಲಿಷನ ಕೇಪು ಅಮೆರಿಕದಲ್ಲಿಯೂ ಅಮೆರಿಕದವನ ಕೇಪು ಯುರೋಪಿನ ಸೈನ್ಯಗಳಲ್ಲಿಯೂ ನೆಲೆಯೂರಿದ್ದರಿಂದ, ಈ ಹವ್ಯಾಸಕ್ಕೆ ಅಮೆರಿಕ ತವರಾದದ್ದರಲ್ಲಿ ಆ ಒಂದು ತೂತಿನ ಪಾಲೂ ಇದೆ.

ಕೆಲಸದ ಮೇಜಿನ ಮೇಲಿನ ಕ್ರಮ ಹೀಗೆ. ಮಸಿ ಹಿಡಿದ ಕೋಶಗಳನ್ನು ಅಕ್ರೋಟಿನ ಚಿಪ್ಪಿನ ಪುಡಿ ಇಲ್ಲವೇ ಮೆಕ್ಕೆಜೋಳದ ಬೆಂಡಿನ ನುಚ್ಚಿನೊಡನೆ ಅದುರುವ ಬೋಗುಣಿಯಲ್ಲಿ ಗಂಟೆಗಟ್ಟಲೆ ಆಡಿಸಿದರೆ ಅವು ಹೊಳೆಯುತ್ತವೆ. ಮೈಗೆ ತೆಳುವಾಗಿ ಜಿಡ್ಡು ಸವರಿ, ಸನ್ನೆಯಿಂದ ನಡೆಯುವ ಪ್ರೆಸ್ಸಿನಲ್ಲಿ ಉಕ್ಕಿನ ಅಚ್ಚಿನೊಳಕ್ಕೆ ತಳ್ಳಿದಾಗ ಹಿಗ್ಗಿದ ಕೋಶ ಹಳೆಯ ಅಳತೆಗೆ ಮರಳುತ್ತದೆ, ಹಳೆಯ ಕೇಪು ಉದುರುತ್ತದೆ. ಜಿಡ್ಡು ಕಡಮೆಯಾದರೆ ಕೋಶ ಅಚ್ಚಿನಲ್ಲೇ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಕತ್ತಿನ ಕೆಳಗೆ ಓರೆಯಾಗಿ ಇಳಿಯುವ ಕೋಶದ ಭುಜದ ಮೇಲೆ ತಗ್ಗು ಬೀಳುತ್ತದೆ. ಪಳಗಿದ ಕೈಗೆ ಅದು ಸನ್ನೆಯ ಬಿಗಿತದಲ್ಲೇ ತಿಳಿಯುತ್ತದೆ. ಉದ್ದ ಬೆಳೆದ ಬಾಯಿಯನ್ನು ಕತ್ತರಿಸಿ, ಅಂಚಿನ ತರಿಯನ್ನು ಕೆರೆದು ನಯಗೊಳಿಸುತ್ತಾರೆ. ಮದ್ದನ್ನು ಗ್ರೇನ್ ಎಂಬ ಮಾನದಲ್ಲಿ, ಅಂದರೆ ಗುಲಗಂಜಿಯ ತೂಕದ ಸುಮಾರು ಅರ್ಧದಲ್ಲಿ ಅಳೆಯುತ್ತಾರೆ. ಅದರ ಹತ್ತನೆಯ ಒಂದು ಪಾಲಿಗೂ ಲೆಕ್ಕವುಂಟು, ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಪಟ್ಟಿಯಿಂದ ಆಚೀಚೆ ಸರಿಯುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಈ ಹವ್ಯಾಸದಿಂದ ಹಣ ಉಳಿಯುತ್ತದೆಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಕಾಗಿಲ್ಲ. ಉಳಿದದ್ದು ಇನ್ನಷ್ಟು ಈಡುಗಳಿಗೇ ಸಂದುಹೋಗುತ್ತದೆ.

ಹಲವು ಸಲ ಹಿಗ್ಗಿ ಕುಗ್ಗಿದ ಕತ್ತು ಬಿರುಸಾಗಿ ಸೀಳುವ ಮುನ್ನ ಅದಕ್ಕೆ ಕಾರ್ಖಾನೆಯ ಕೊನೆಯ ಬೆಂಕಿಯನ್ನು ಮನೆಯಲ್ಲಿಯೂ ತೋರಿಸಬೇಕಾಗುತ್ತದೆ. ಹಳಬರು ಕೇಪು ತೆಗೆದ ಖಾಲಿ ಕೋಶಗಳನ್ನು ಬುಡ ಮುಳುಗುವಷ್ಟು ನೀರಿದ್ದ ತಟ್ಟೆಯಲ್ಲಿ ನಿಲ್ಲಿಸಿ, ಕತ್ತನ್ನು ಜ್ವಾಲೆಯಿಂದ ಕಾಯಿಸಿ, ಕೂಡಲೇ ನೀರಿಗೆ ಉರುಳಿಸುತ್ತಿದ್ದರು. ಬುಡ ಕಾದು ಮೆತ್ತಗಾದರೆ ಆ ಕೋಶ ಅಪಾಯಕಾರಿ. ಕತ್ತಿನ ದುರ್ಬಲತೆ ಮೊದಲು ದೊಡ್ಡದಾಗಿ ಬಯಲಾದದ್ದು ಭಾರತದಲ್ಲಿ. 19ನೆಯ ಶತಮಾನದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ತೋಟಾಗಳು, ಯಾರೂ ಮುಟ್ಟದಿದ್ದರೂ, ಗುಂಡನ್ನು ಬಿಗಿಹಿಡಿದ ಕತ್ತಿನ ಭಾಗದಲ್ಲಿ ಬಿರುಕು ಬಿಟ್ಟಿದ್ದವು. ತಯಾರಿಕೆಯ ವೇಳೆ ಲೋಹದಲ್ಲಿ ಉಳಿದ ಸೆಳೆತವೂ ಕುದುರೆಯ ಮೂತ್ರದಿಂದ ಏಳುವ ಅಮೋನಿಯಾವೂ ಕೂಡಿದಾಗ ಹಿತ್ತಾಳೆ ಸೀಳುತ್ತದೆಂಬ ವಿವರಣೆ ಸಿದ್ಧವಾದದ್ದು 1921ರಲ್ಲಿ. ಅಮೋನಿಯಾ ಬೆರೆತ ಪಾಲಿಶನ್ನು ಕೋಶಗಳಿಗೆ ಹಚ್ಚಬಾರದೆಂದು ಮರುಭರ್ತಿಗಾರರು ಪಾಲಿಸಿಕೊಂಡು ಬಂದಿರುವ ನೇಮಕ್ಕೆ ಬೇರು ಇಲ್ಲಿದೆ.

ಕತ್ತಿನ ಸೀಳು ಕಣ್ಣಿಗೆ ಕಾಣುತ್ತದೆ, ಬುಡದ ಮೇಲಿನ ಸವೆತ ಕಾಣುವುದಿಲ್ಲ. ಪ್ರತಿ ಈಡಿಗೂ ಕೋಶ ಉದ್ದಕ್ಕೆ ಹಿಗ್ಗುವುದರಿಂದ ಬುಡಕ್ಕೆ ಸ್ವಲ್ಪ ಮೇಲೆ ಒಳಗೋಡೆ ಉಂಗುರದಂತೆ ತೆಳುವಾಗುತ್ತ ಹೋಗುತ್ತದೆ. ಇದನ್ನು ಹಿಡಿಯಲು ಬೆಲೆಬಾಳುವ ಉಪಕರಣ ಬೇಕಿಲ್ಲ: ತುದಿ ಬಗ್ಗಿಸಿ ಚೂಪುಗೊಳಿಸಿದ ತಂತಿಯನ್ನು ಬಾಯಿಂದ ತಳದವರೆಗೆ ಇಳಿಸಿ, ಒಳಗೋಡೆಗೆ ಒತ್ತಿ ಮೆಲ್ಲಗೆ ಮೇಲಕ್ಕೆ ಎಳೆದರೆ, ಸವೆದ ಜಾಗದಲ್ಲಿ ತಂತಿ ಸಣ್ಣಗೆ ತಡೆಯುತ್ತದೆ. ತಡೆದ ಕೋಶವನ್ನು ಇನ್ನೊಮ್ಮೆ ತುಂಬಲಾಗದು. ಒಳ್ಳೆಯ ಕೋಶಗಳೊಡನೆ ಅದು ತಪ್ಪಿ ಬೆರೆಯದಿರಲೆಂದು ಇಕ್ಕಳದಿಂದ ಬಾಯನ್ನು ಅಲ್ಲೇ ಜಜ್ಜಿ, ಗುಜರಿಗೆ ತೂಕಕ್ಕೆ ಹಾಕುವ ಹಿತ್ತಾಳೆಯ ಡಬ್ಬಕ್ಕೆ ಎಸೆಯುತ್ತಾರೆ.