ಬಳ್ಳಿ ಬಿಡಿಸುವವರಿಲ್ಲದ ಗೊಮ್ಮಟ

ಶ್ರವಣಬೆಳಗೊಳದ ಗೊಮ್ಮಟನ ಮಾತು ಬಂದರೆ ಮೊದಲು ಬರುವುದು ಎತ್ತರ: ಸುಮಾರು 57 ಅಡಿ, ಒಂದೇ ಕಲ್ಲು. ಆಮೇಲೆ ಆ ಮಂದಹಾಸ. ಎರಡೂ ದೊಡ್ಡ ಸಂಗತಿಗಳೇ. ಆದರೂ ಈ ಮೂರ್ತಿಯನ್ನು ಕಲ್ಪಿಸಿದವನ ನಿಜವಾದ ಪ್ರತಿಭೆ ಕಾಣುವುದು ಕಾಲಬುಡದ ಹುತ್ತದಲ್ಲಿ, ತೊಡೆ ತೋಳುಗಳನ್ನು ಸುತ್ತಿ ಏರಿದ ಮಾಧವೀಲತೆಯಲ್ಲಿ ಎಂದು ನಾನು ನಂಬಿದ್ದೇನೆ. ಗಂಗರ ಮಂತ್ರಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಮಾಡಿಸಿದಾಗ ದೊಡ್ಡಬೆಟ್ಟದ ನೆತ್ತಿಯ ಬಂಡೆಯೇ ಮೂರ್ತಿಯಾಯಿತು. ಅಷ್ಟು ಭಾರದ ಕಣಶಿಲೆ ಎರಡು ಕಾಲುಗಳ ಮೇಲೆ ನಿಲ್ಲಬೇಕು. ತೊಡೆಯಿಂದ ಮೇಲಕ್ಕೆ ಹಿಂದೆ ಮುಂದೆ ಯಾವ ಆಸರೆಯೂ ಇರಬಾರದು. ಹಾಗಾದರೆ ಕೆಳಗೆ ಒಂದಿಷ್ಟು ಬಂಡೆಯನ್ನು ಕಾಲಿಗಂಟಿದಂತೆ ಉಳಿಸಿಕೊಳ್ಳಲೇಬೇಕು. ಆ ಉಳಿದ ಕಲ್ಲನ್ನೇ ಶಿಲ್ಪಿ ಹುತ್ತವಾಗಿಸಿದ, ಅದರಿಂದ ಹಾವುಗಳು ಹೊರಬರುವಂತೆ ಕಡೆದ. ಭಾರ ಹೊರುವ ಕಲ್ಲು ಕಥೆಯನ್ನೂ ಹೊತ್ತಿತು. ಗೊಮ್ಮಟನೆಂದರೆ ಬಾಹುಬಲಿ; ತಪಸ್ಸಿನಲ್ಲಿ ವರುಷವಿಡೀ ಅಲುಗದೆ ನಿಂತವನ ಸುತ್ತ ಮಣ್ಣು ಏರುವುದು ಸಹಜ. ಹೀಗೆ ಅವನ ತಪಸ್ಸಿನ ಅವಧಿಯೇ ವಿಗ್ರಹಕ್ಕೆ ಆಧಾರವಾಗಿದೆ.

ಬಳ್ಳಿ ಈ ಶಿಲ್ಪಿ ಕಂಡುಹಿಡಿದದ್ದಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಬಾದಾಮಿಯ ಜೈನ ಗುಹೆಯಲ್ಲಿ, ಐಹೊಳೆಯಲ್ಲಿ, ಎಲ್ಲೋರಾದಲ್ಲಿ ಬಳ್ಳಿ ಸುತ್ತಿದ ಬಾಹುಬಲಿ ಇದಕ್ಕೂ ಹಿಂದಿನಿಂದಲೇ ಇದ್ದಾನೆ. ಆದರೆ ಅಲ್ಲೆಲ್ಲ ಅವನ ಇಕ್ಕೆಲದಲ್ಲಿ ಸ್ತ್ರೀಯರಿದ್ದಾರೆ. ಸೋದರಿಯರಾದ ಬ್ರಾಹ್ಮಿ, ಸುಂದರಿಯರು ಎನ್ನುವವರುಂಟು, ವಿದ್ಯಾಧರಿಯರು ಎನ್ನುವವರೂ ಉಂಟು. ಎಲ್ಲೋರಾದಲ್ಲಿ ಅವರು ಬಳ್ಳಿಯನ್ನು ಬಿಡಿಸುತ್ತಿದ್ದಾರೆ. ಅಂದರೆ ಅಲ್ಲಿ ನಾವು ನೋಡುವುದು ತಪಸ್ಸು ಮುಗಿಯುತ್ತಿರುವ ಒಂದು ಗಳಿಗೆಯನ್ನು. ಬೆಳಗೊಳದ ಶಿಲ್ಪಿ ಅವರನ್ನು ಕೈಬಿಟ್ಟ. ಕಾಲಿಗೆರಗಲು ಬಂದ ಅಣ್ಣ ಭರತನೂ ಇಲ್ಲ. ಅಕ್ಕಪಕ್ಕದಲ್ಲಿರುವ ಚಾಮರಧಾರಿಗಳು ಸೇವೆಗೆ ನಿಂತವರು, ಬಳ್ಳಿಗೆ ಕೈಹಚ್ಚಿದವರಲ್ಲ. ಆದ್ದರಿಂದ ಇಲ್ಲಿ ಬಳ್ಳಿ ಯಾರ ಅಡ್ಡಿಯೂ ಇಲ್ಲದೆ ಏರುತ್ತಿದೆ, ಮುಕ್ತಾಯ ಎಂಬುದೇ ಇಲ್ಲ. ಅದು ಎಲ್ಲಿಯವರೆಗೆ ಏರಿದೆ ನೋಡಿ: ತೋಳಿನ ಮೇಲ್ಭಾಗದವರೆಗೆ ಮಾತ್ರ. ಎದೆ, ಭುಜ, ಕೊರಳು ಬರಿದಾಗಿವೆ. ಒಂದು ಗೆರೆಯ ಅಲಂಕಾರವಿಲ್ಲದ ನುಣುಪು. ಎಲೆ, ಹಾವು, ಮಣ್ಣಿನ ಗದ್ದಲದಿಂದ ಹೊರಟ ಕಣ್ಣು ಮೇಲೇರುತ್ತಾ ಹೋದಂತೆ ಹಿಡಿದುಕೊಳ್ಳಲು ಏನೂ ಸಿಗದೆ ನೇರವಾಗಿ ಮುಖಕ್ಕೆ ಹೋಗಿ ನಿಲ್ಲುತ್ತದೆ. ಆ ನಗೆಗೆ ಅಷ್ಟು ಬಲ ಬಂದದ್ದು ಕೆಳಗಿನ ಈ ದಟ್ಟಣೆಯಿಂದ. ಬಳ್ಳಿ ಹುತ್ತಗಳಿಲ್ಲದಿದ್ದರೆ ಅದೇ ತುಟಿ ಕೇವಲ ಸುಂದರವಾಗಿರುತ್ತಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅಳತೆಯದು. ಮೊಣಕಾಲಿನ ಕೆಳಭಾಗ ಗಿಡ್ಡವಾಯಿತು, ಭುಜಗಳು ವಿಪರೀತ ಅಗಲವಾದವು, ಮೈಯ ಮೇಲ್ಭಾಗಕ್ಕೆ ಸಿಕ್ಕ ನಯ ಕಾಲಿಗೆ ಸಿಕ್ಕಿಲ್ಲ ಎಂದು ಬಲ್ಲವರು ಬಹಳ ಹಿಂದೆಯೇ ಹೇಳಿದ್ದಾರೆ. ಇದನ್ನು ಅಲ್ಲಗಳೆಯಲಾರೆ. ಪಾದದ ಬಳಿ ನಿಂತು ತಲೆಯೆತ್ತಿ ನೋಡುವವನಿಗೆ ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣುತ್ತದೆ; ಅದನ್ನು ಸರಿದೂಗಿಸಲೆಂದೇ ಹೀಗೆ ಮಾಡಿದ್ದಾನೆ ಎಂಬ ಸಮರ್ಥನೆಯುಂಟು. ಅದು ನನಗೆ ಅರ್ಧ ಮಾತ್ರ ಒಪ್ಪಿಗೆ. ಬೆಟ್ಟದ ತುದಿಯ ಮೂರ್ತಿ ಬಹುದೂರದಿಂದಲೂ ಕಾಣುವಂಥದು; ದೂರದ ಕಣ್ಣಿಗೆ ಈ ಲೆಕ್ಕ ಹೊಂದುವುದಿಲ್ಲ. ಭಾರದ ಕಾರಣವೇ ಹೆಚ್ಚು ಸಮಂಜಸ ಎನಿಸುತ್ತದೆ. ನೀಳವಾದ, ತೆಳುವಾದ ಕಾಲು ಮೇಲಿನ ಮೈಯನ್ನು ಹೊರುವುದು ಕಷ್ಟ. ಜೊತೆಗೆ, ಕಾಯೋತ್ಸರ್ಗದಲ್ಲಿ, ಅಂದರೆ ದೇಹದ ಹಂಗು ತೊರೆದ ಧ್ಯಾನದ ನಿಲುವಿನಲ್ಲಿ, ನಿಂತವನ ಕಾಲು ನಡೆಯುವ ಕಾಲಲ್ಲ. ಅದು ನೆಲಕ್ಕೆ ಬೇರುಬಿಟ್ಟಂತೆ ಕಂಡರೆ ದೋಷ ಯಾವುದು? ಆನೆಯ ಕಾಲಿಗೆ ಜಿಂಕೆಯ ಕಾಲಿನ ಚೆಲುವು ಬರಲಿಲ್ಲವೆಂದು ಹಳಿದ ಹಾಗಾಯಿತು.

ನನಗೆ ತಕರಾರಿರುವುದು ಸುತ್ತಣ ಗೋಡೆಯ ಬಗ್ಗೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಭಕ್ತಿಯಿಂದಲೇ ಸುತ್ತಾಲಯವನ್ನು ಕಟ್ಟಿಸಿದ. ತೀರ್ಥಂಕರರ ವಿಗ್ರಹಗಳಿಗೆ ಅದರಲ್ಲಿ ನೆಲೆ ದೊರೆಯಿತು, ಪೂಜೆಗೆ ನೆರಳು ದೊರೆಯಿತು. ಒಳಗಿರುವುದು ಆರಾಧನೆಗೆಂದು ಮಾಡಿದ ಮೂರ್ತಿಯಾದ್ದರಿಂದ ಈ ಲಾಭಗಳನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಕೆಳಗಿನ ಬಯಲಿನಿಂದ ನೋಡುವವರಿಗೆ ಅಂದಿನಿಂದ ಕಾಣುತ್ತಿರುವುದು ಮೈಯ ಮೇಲ್ಭಾಗ ಮಾತ್ರ; ಹುತ್ತ, ಹಾವು, ಬಳ್ಳಿಯ ಬುಡ ಒಳಗಾದವು. ಕ್ಯಾಲೆಂಡರುಗಳಲ್ಲಿ, ಪುಸ್ತಕದ ಮುಖಪುಟಗಳಲ್ಲಿ ಮುಖವೊಂದೇ ಮತ್ತೆ ಮತ್ತೆ ಅಚ್ಚಾಗುತ್ತಾ ಅದೇ ಅಭ್ಯಾಸ ಮುಂದುವರಿದಿದೆ. ಆದರೆ 1432ರಲ್ಲಿ ಕಾರ್ಕಳದವರು, 1604ರಲ್ಲಿ ವೇಣೂರಿನವರು ತಮ್ಮ ಗೊಮ್ಮಟರನ್ನು ನಿಲ್ಲಿಸಿದಾಗ ಎತ್ತರದಲ್ಲಿ ಬೆಳಗೊಳಕ್ಕಿಂತ ತಗ್ಗಿದರು. ಬಳ್ಳಿಯನ್ನು ಮಾತ್ರ ಬಿಡಲಿಲ್ಲ. ಯಾವುದನ್ನು ಬಿಟ್ಟರೆ ಗೊಮ್ಮಟ ಗೊಮ್ಮಟನಾಗಿ ಉಳಿಯುವುದಿಲ್ಲವೆಂದು ಆ ಶಿಲ್ಪಿಗಳಿಗೆ ಗೊತ್ತಿತ್ತು.